ಸಾಕ್ರಿ, ಸಾಕ್ರಿ

ನಮ್ಮ ಕಡೆ ‘ಸಾಕು’ ಎಂಬ ಶಬ್ದಕ್ಕೂ ನಿಘಂಟಿಗೂ ಸಂಬಂಧವಿಲ್ಲ. ಪಂಗತಿಯಲ್ಲಿ ಕುಳಿತವನು ಒಂದು ಸಲ ‘ಸಾಕ್ರಿ’ ಅಂದರೆ ನೀಡುವವನಿಗೆ ಅದು ‘ಶರಣ್ರಿ’ ಎಂದು ಕೇಳಿಸುತ್ತದೆ. ಎರಡು ಸಲ ಅಂದರೆ ‘ಇನ್ನೊಂದು ಸೌಟು ನಡೀತದ’ ಎಂದು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ಒಂದು ಗಳಿಗೆ ನಿಲ್ಲುತ್ತಾನೆ, ಆಗಲೂ ಅವನು ನೋಡುವುದು ನಮ್ಮ ಮುಖವನ್ನಲ್ಲ, ಬೆರಳಿನ ಸಂದಿಯನ್ನು. ಸಂದಿ ಇದ್ದರೆ ಹುಗ್ಗಿ ಅದರೊಳಗಿಂದ ಇಳಿಯುತ್ತದೆ. ಇಲ್ಲದಿದ್ದರೆ ಕೈಮೇಲೆಯೇ ಕೂಡುತ್ತದೆ. ಹೇಗೂ ಕೈ ನಮ್ಮದೇ, ನೆಕ್ಕಿಕೊಂಡರಾಯಿತು.

ಕಮಲಾಪುರದ ನಮ್ಮ ಸೋದರಮಾವ ಈ ವಿದ್ಯೆಯಲ್ಲಿ ಪಳಗಿದವರು. ಕಮಲಾಪುರವೆಂದರೆ ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿ.ಮೀ. ಈಗ ಅದೂ ತಾಲ್ಲೂಕು. ನಾನು ಹುಡುಗನಾಗಿದ್ದಾಗ ಕೆಂಪು ಬಾಳೆಹಣ್ಣೊಂದರಿಂದಲೇ ಹೆಸರು ಮಾಡಿದ್ದ ಊರು. ಅಲ್ಲಿಯ ಲಗ್ನಗಳಲ್ಲಿ ಮಾಮಾ ಧೋತರ ಎತ್ತಿ ಕಟ್ಟಿ, ಹುಗ್ಗಿಯ ಬಕೆಟ್ ಹಿಡಿದು ಪಂಗತಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯವರು ಅಲ್ಲಿಂದಲೇ ಕೈ ಅಡ್ಡ ಹಿಡಿಯಲು ಶುರು ಮಾಡುತ್ತಿದ್ದರು. ಏನೂ ಉಪಯೋಗವಿಲ್ಲ. ಮಾಮಾ ಎದುರಿಗೆ ಬಂದು ಬಕೆಟ್ ಕೆಳಗಿಟ್ಟು, ಊಟದ ಸುದ್ದಿಯನ್ನೇ ಎತ್ತದೆ, “ಮಗಳಿಗಿ ಯಾವೂರಿಗಿ ಕೊಟ್ರಿ?” ಎಂದು ಕೇಳುತ್ತಿದ್ದರು. ಮಗಳನ್ನು ಕೊಟ್ಟ ಊರು ತೋರಿಸಲು ಮನುಷ್ಯ ಕೈ ಎತ್ತಲೇಬೇಕಲ್ಲ! “ಇಲ್ಲೇ ಚಿಂಚೋಳಿ ಕಡಿ...” ಎಂದು ಕೈ ಚಿಂಚೋಳಿಯತ್ತ ಹೋಗಿ ತಿರುಗಿ ಬರುವಷ್ಟರಲ್ಲಿ ಪತ್ರೋಳಿಯ ಮೇಲೆ ಹುಗ್ಗಿಯ ಗುಡ್ಡೆ. ಬೆನ್ನಿಗೇ ತುಪ್ಪದ ಗಿಂಡಿಯ ಹುಡುಗ. ಮಾಮಾ ಆಗಲೇ ಮುಂದಿನವನ ಮಗಳ ಕ್ಷೇಮ ವಿಚಾರಿಸುತ್ತಿರುತ್ತಿದ್ದರು.

ನನ್ನ ಲಗ್ನ ಅಂಥ ಪಂಗತಿಯಲ್ಲಾಯಿತು. ಮಗನದು ಕಲಬುರಗಿಯ ಫಂಕ್ಷನ್ ಹಾಲೊಂದರಲ್ಲಿ, ಬಫೆಯಲ್ಲಿ. ಮೇ ತಿಂಗಳು, ಹೊರಗೆ 42 ಡಿಗ್ರಿ. ಬಫೆಯನ್ನು ಕಂಡುಹಿಡಿದವನು ಯಾರೇ ಆಗಲಿ, ಜೋಳದ ರೊಟ್ಟಿ ತಿಂದವನಂತೂ ಅಲ್ಲ. ರೊಟ್ಟಿ ಎರಡು ಕೈಯ ಊಟ. ಬಿಸಿ ರೊಟ್ಟಿಯಾದರೆ ಹೇಗೋ ಒಂದೇ ಕೈಯಲ್ಲಿ ಹರಿದುಕೊಳ್ಳಬಹುದು. ಖಡಕ್ ರೊಟ್ಟಿಯನ್ನು ಮುರಿಯಬೇಕಾದರೆ ಎರಡೂ ಕೈ ಬೇಕು, ಆದರೆ ಎಡಗೈಯಲ್ಲಿ ತಾಟಿದೆ. ತಾಟಿಗೆ ಒತ್ತಿ ಮುರಿಯಲು ಹೋದೆ. ಅರ್ಧ ರೊಟ್ಟಿ ಹಾರಿ ಬೀಗರ ಕಡೆಯ ಹಿರಿಯರೊಬ್ಬರ ರುಮಾಲಿನಲ್ಲಿ ಸಿಕ್ಕಿಕೊಂಡಿತು. ಅವರು ದೊಡ್ಡ ಮನುಷ್ಯರು. ತೆಗೆದು ನನ್ನ ತಾಟಿಗೇ ಇಟ್ಟು, “ನಿಮ್ದು” ಅಂದರು.

ನೀರಿನ ಗ್ಲಾಸಿಗೆ ಮೂರನೆಯ ಕೈ, ಆಯೇರಿಯ ಪಾಕೀಟು ಹಿಡಿಯಲು ನಾಲ್ಕನೆಯದು. ಗೋಡೆಯ ಮೇಲಿನ ಫೋಟೋಗಳಲ್ಲಿ ದೇವಾನುದೇವತೆಗಳಿಗೆ ನಾಲ್ಕು ಕೈ ಯಾಕಿವೆ ಎಂಬುದು ನನಗೆ ಹೊಳೆದದ್ದು ಅಂದೇ. ಸಾಲಿನ ಕಥೆ ಬೇರೆ. ಒಬ್ಬ ಎಣ್ಣೆಗಾಯಿಯ ಪಾತ್ರೆಯ ತಳ ಕೆದಕಿ ತೊಟ್ಟು ಮುರಿಯದ ಬದನೆಕಾಯಿಯನ್ನೇ ಹುಡುಕುತ್ತಾನೆ. ಇನ್ನೊಬ್ಬನಿಗೆ ಇಪ್ಪತ್ತು ವರ್ಷದ ಹಿಂದಿನ ಸಹೋದ್ಯೋಗಿ ಸರಿಯಾಗಿ ಅನ್ನ–ಸಾರಿನ ಸಂಧಿಯಲ್ಲಿಯೇ ಭೇಟಿಯಾಗುತ್ತಾನೆ. ಅಲ್ಲಿಂದ ಹಿಂದಕ್ಕೆ ಸಾಲು ರೈಲ್ವೆ ಗೇಟ್ ಬಿದ್ದಂತೆ ನಿಲ್ಲುತ್ತದೆ. ಎಲ್ಲ ಮುಗಿದು ಮನೆಗೆ ಬಂದಮೇಲೆ ನಮ್ಮಾಕಿ ಅಡುಗೆಮನೆಯಲ್ಲಿ ದೀಪ ಹಚ್ಚಿ, ಮಗನ ಲಗ್ನದ ದಿನವೇ, ಅವಲಕ್ಕಿ ಒಗ್ಗರಣೆ ಹಾಕಿದಳು.

ಇಂಥ ದಂಪತಿಯನ್ನು ಮಗ ಹಡಗಿನ ಪ್ರವಾಸಕ್ಕೆ ಕರೆದೊಯ್ದ. ಅವನಿರುವುದು ಪುಣೆಯಲ್ಲಿ. ಮುಂಬೈಯಿಂದ ಹೊರಟು ಗೋವಾ ಮುಟ್ಟಿ ಬರುವ ಹಡಗು, ಮೂರು ರಾತ್ರಿ, ಊಟ–ನಾಷ್ಟಾ ಎಲ್ಲ ಟಿಕೆಟ್ಟಿನಲ್ಲಿಯೇ. ನಾವು ಕಂಡ ದೊಡ್ಡ ನೀರೆಂದರೆ ಬೆಣ್ಣೆತೊರೆ ಡ್ಯಾಮು. ನಮ್ಮಾಕಿ ತಯಾರಿಗೆ ಒಂದು ವಾರ ತೆಗೆದುಕೊಂಡಳು: ಶೇಂಗಾ ಹಿಂಡಿ ಒಂದು ಡಬ್ಬಿ, ಖಡಕ್ ರೊಟ್ಟಿ ಇಪ್ಪತ್ತು, ಮಾಮಾ ಕಳಿಸಿದ ಕಮಲಾಪುರದ ಬಾಳೆಹಣ್ಣು ಒಂದು ಡಜನ್. ಬಂದರಿನ ತಪಾಸಣೆಯಲ್ಲಿ ಹಿಂಡಿ ಮತ್ತು ರೊಟ್ಟಿ ಪಾಸಾದವು, ಹಣ್ಣು ನಿಂತಿತು. ಹಣ್ಣು ಒಯ್ಯುವಂತಿಲ್ಲವೆಂದು ನಿಯಮ. ಆ ಹುಡುಗನದೇನೂ ತಪ್ಪಿಲ್ಲ, ಪಕ್ಕದ ದೊಡ್ಡ ಬುಟ್ಟಿ ತೋರಿಸಿದ.

ಈ ಹಣ್ಣಿನ ಬಗ್ಗೆ ಅವನಿಗೆ ಗೊತ್ತಿರಲಿಲ್ಲ. ಸಾಮಾನ್ಯ ಬಾಳೆ ಒಂದು ವರ್ಷದ ಆಚೀಚೆ ಗೊನೆ ಕೊಟ್ಟರೆ ಇದಕ್ಕೆ ಒಂದೂವರೆ ವರ್ಷ ಕಾಯಬೇಕು. ದರವೂ ಅದಕ್ಕೆ ತಕ್ಕಂತೆ. ‘ಶ್ರೀಮಂತರ ಹಣ್ಣು’ ಎಂದೇ ಜನ ಕರೆಯುತ್ತಾರೆ, ಸರ್ಕಾರ ಭೌಗೋಳಿಕ ಸೂಚ್ಯಂಕ ಕೊಟ್ಟು ಊರಿನ ಹೆಸರಿಗೇ ಬರೆದಿದೆ. ಅಂಥದ್ದನ್ನು ಬುಟ್ಟಿಗೆ? ನಮ್ಮಾಕಿ ಸೆರಗು ಸಿಕ್ಕಿಸಿಕೊಂಡು ಅಲ್ಲೇ ಬೆಂಚಿನ ಮೇಲೆ ಕುಳಿತಳು. ಮಗ–ಸೊಸೆಗೆ ಎರಡೆರಡು, ನನಗೆ ಮೂರು, ತನಗೆ ಎರಡು. ಉಳಿದ ಮೂರನ್ನು ಹಿಂದೆ ನಿಂತ ಅಪರಿಚಿತ ದಂಪತಿಗೆ ಕೊಟ್ಟಳು. ಆ ಹೆಣ್ಣುಮಗಳು ಸಿಪ್ಪೆ ನೋಡಿದ್ದೇ, “ಅಯ್ಯ, ಕಮಲಾಪುರದ್ದೇನ್ರೀ ಅಕ್ಕೋರೆ?” ಅಂದಳು. ಇದ್ದದ್ದು ಸೊಲ್ಲಾಪುರ, ತವರು ಅಕ್ಕಲಕೋಟೆ. ಸಮುದ್ರ ಕಾಣುವ ಮೊದಲೇ ನಮಗೆ ನೆಂಟರು ಸಿಕ್ಕರು.

ಹಡಗಿನ ಬಫೆ ನಮ್ಮ ಫಂಕ್ಷನ್ ಹಾಲಿನ ಬಫೆಯಂತಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಕೂಡಲು ಟೇಬಲ್ ಇದೆ. ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತು ಕೈ ತೊಳೆಯದೆ ಯಾರನ್ನೂ ಬಿಡುವುದಿಲ್ಲ. ಅದಕ್ಕೆ ಕಾರಣವಿದೆ. ಹಡಗಿನಲ್ಲಿ ವಾಂತಿ–ಭೇದಿ ಹಬ್ಬಿಸುವ ನೋರೊವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಜಗ್ಗುವುದಿಲ್ಲ, ಸೋಪು–ನೀರೇ ಆಗಬೇಕು. ಸಾವಿರ ಜನ ಮುಟ್ಟುವ ಒಂದೇ ಸೌಟು ಅದಕ್ಕೆ ಒಳ್ಳೆಯ ವಾಹನ. ಅಮೆರಿಕದ ಆರೋಗ್ಯ ಇಲಾಖೆ ಹಡಗುಗಳ ಶುಚಿತ್ವ ತಪಾಸಣೆಗೆಂದೇ 1975ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿ ಇಂದಿಗೂ ನಡೆಸುತ್ತಿದೆ. ಕೊರೊನಾ ಬಂದ ಮೇಲೆ ಎಷ್ಟೋ ಹಡಗುಗಳು ಸೌಟನ್ನು ಪ್ರಯಾಣಿಕರ ಕೈಯಿಂದ ಕಿತ್ತುಕೊಂಡು ಸಿಬ್ಬಂದಿಯ ಕೈಗೆ ಕೊಟ್ಟವು. ನಮ್ಮ ಹಡಗಿನಲ್ಲೂ ಕೈಗವಸಿನ ಹುಡುಗರೇ ನೀಡುತ್ತಿದ್ದರು. ನೀಡುವವರಿದ್ದಾರೆಂದು ಕಂಡದ್ದೇ ನನಗೆ ಅರ್ಧ ಹೊಟ್ಟೆ ತುಂಬಿತ್ತು. ಅದರ ಗತಿ ಏನಾಯಿತೆಂದು ಹೇಳುತ್ತೇನೆ.

ಹಡಗಿಗೂ ಬಫೆಗೂ ನಂಟು ಹಳೆಯದು. ಟೈಟಾನಿಕ್ ಮಂಜುಗಡ್ಡೆಗೆ ಬಡಿದ 1912ರ ಏಪ್ರಿಲ್ 14ರ ಮಧ್ಯಾಹ್ನ ಮೊದಲ ದರ್ಜೆಯವರಿಗೆ ಕೊಟ್ಟ ಊಟದ ಪಟ್ಟಿಯಲ್ಲಿಯೇ ‘ಬಫೆ’ ಎಂಬ ಪ್ರತ್ಯೇಕ ಭಾಗವಿದೆ, ತಣ್ಣನೆಯ ಮೀನು–ಮಾಂಸದ್ದು. 1939ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ಸ್ವೀಡನ್ನಿನವರು ತಮ್ಮ ‘ಸ್ಮೋರ್ಗಸ್‌ಬೋರ್ಡ್’ ಹರವಿ ಅಮೆರಿಕದವರಿಗೆ ರುಚಿ ಹಚ್ಚಿದರು. ಅದೇ ಊಟ ಟೋಕಿಯೋದ ಇಂಪೀರಿಯಲ್ ಹೋಟೆಲಿಗೆ 1958ರಲ್ಲಿ ಬಂದಾಗ ಜಪಾನಿಯರಿಗೆ ಆ ಹೆಸರು ನಾಲಿಗೆಗೆ ಹೊರಳಲಿಲ್ಲ. ಆಗ ‘ದಿ ವೈಕಿಂಗ್ಸ್’ ಸಿನಿಮಾದ ಹವಾ, ಊಟಕ್ಕೂ ‘ವೈಕಿಂಗ್’ ಎಂದೇ ಹೆಸರಿಟ್ಟರು. ಇಂದಿಗೂ ಜಪಾನಿನಲ್ಲಿ ಬಫೆ ಎಂದರೆ ‘ಬೈಕಿಂಗು’, ಅಂದರೆ ಹಡಗೇರಿ ಲೂಟಿಗೆ ಹೋಗುತ್ತಿದ್ದವರ ಹೆಸರು. ನಮ್ಮ ಫಂಕ್ಷನ್ ಹಾಲಿನಲ್ಲಿ ಗುಲಾಬ್ ಜಾಮೂನು ಹೊರಗೆ ಬರುವ ಹೊತ್ತಿಗೆ ನಿಂತು ನೋಡಿದವರಿಗೆ ಜಪಾನಿಯರ ಜಾಣತನ ತಿಳಿದೀತು.

ಸಹಪ್ರಯಾಣಿಕರಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಪಕ್ಕದ ಟೇಬಲ್ಲಿನ ಪುಣೆಯ ಗೃಹಸ್ಥರಿಗೆ ಬಫೆಯೆಂದರೆ ಲೆಕ್ಕಪತ್ರ. ಅನ್ನಕ್ಕೂ ರೊಟ್ಟಿಗೂ ಹೊಟ್ಟೆಯಲ್ಲಿ ಜಾಗ ಕೊಡುವುದು ಶುದ್ಧ ನಷ್ಟ, ಪನೀರ್‌ನಿಂದ ಶುರು ಮಾಡಿ ಸಿಹಿಗೆ ಬಂದರೆ ಎರಡನೆಯ ದಿನದ ಹೊತ್ತಿಗೆ ಟಿಕೆಟ್ ವಸೂಲು ಎಂದು ನನಗೆ ಬೆರಳು ಮಡಚಿ ತೋರಿಸಿದರು. ಮೂರನೆಯ ದಿನ ಅವರು ಬರೀ ಮಜ್ಜಿಗೆ ಕುಡಿಯುತ್ತಿದ್ದರು. ಗುಜರಾತಿನ ಅಜ್ಜಿಯೊಬ್ಬರು ಜೈನ ಊಟದ ಕೌಂಟರಿನ ಮುಂದೆ ಅವಸರವಿಲ್ಲದೆ ನಿಂತು, ಬೇಕಾದಷ್ಟೇ ಹಾಕಿಸಿಕೊಂಡು, ಒಂದು ಅಗಳೂ ಬಿಡದೆ ಉಂಡೇಳುತ್ತಿದ್ದರು. ಇಡೀ ಹಡಗಿನಲ್ಲಿ ಬಫೆಗೆ ಯೋಗ್ಯರಾದವರು ಅವರೊಬ್ಬರೇ. ದೊಡ್ಡ ತಕರಾರೆಲ್ಲ ಟೇಬಲ್ ಹಿಡಿಯುವುದರ ಬಗ್ಗೆ: ಕಿಟಕಿ ಪಕ್ಕದ ಜಾಗದಲ್ಲಿ ಕನ್ನಡಕದ ಡಬ್ಬಿಯೋ ಟೊಪ್ಪಿಗೆಯೋ ಇಟ್ಟು ಅರ್ಧ ಗಂಟೆ ಮಾಯವಾಗುವವರು. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದು ಬೆಳೆದ ನಮಗೆ ಇದನ್ನು ತಪ್ಪೆನ್ನಲು ಬಾಯಿಲ್ಲ. ನಮ್ಮಾಕಿ ಶೇಂಗಾ ಹಿಂಡಿಯ ಡಬ್ಬಿ ಇಟ್ಟು ಬಂದಳು. ಮುಚ್ಚಳ ಸ್ವಲ್ಪ ಸಡಿಲವಿತ್ತು, ಬೆಳ್ಳುಳ್ಳಿಯ ವಾಸನೆಗೆ ಅಕ್ಕಪಕ್ಕದ ಎರಡು ಟೇಬಲ್ಲೂ ನಮಗೇ ಉಳಿದವು.

ಊಟ ಹೇಗಿತ್ತೆಂದು ನೀವು ಕೇಳುವವರೇ. ಬೇಳೆಯೊಂದನ್ನು ಬಿಟ್ಟರೆ ಛಲೋ ಇತ್ತು. ತೊಗರಿಯ ಕಣಜದಿಂದ ಹೋದವನಿಗೆ ಹೊರಗಿನ ಬೇಳೆ ಒಪ್ಪುವುದು ಕಷ್ಟ, ಅದು ಹಡಗಿನವರ ತಪ್ಪಲ್ಲ.

ಮೊದಲ ರಾತ್ರಿ ನಾನು ಸಿಹಿಯ ಕೌಂಟರಿಗೆ ಹೋದೆ. ಹೆಸರುಬೇಳೆಯ ಹಲ್ವಾ, ತುಪ್ಪ ಮೇಲೆ ತೇಲುತ್ತಿತ್ತು. ಹಿಂದೆ ನಿಂತ ಹುಡುಗ ನಕ್ಕು ಅರ್ಧ ಚಮಚ ಹಾಕಿದ. ನಾನು ವಂಶದ ರೂಢಿಯಂತೆ, ಮರ್ಯಾದೆಗೆ, “ಬಸ್, ಬಸ್” ಅಂದೆ.

ಅವನು ನಿಲ್ಲಿಸಿಬಿಟ್ಟ!

ನಿಲ್ಲಿಸಿದ್ದಷ್ಟೇ ಅಲ್ಲ, “ಥ್ಯಾಂಕ್ಯೂ ಸರ್” ಅಂದು ನನ್ನ ಹಿಂದಿನವರ ಕಡೆ ನೋಡಿದ. ಅರವತ್ತೆರಡು ವರ್ಷದಲ್ಲಿ ನನ್ನ ‘ಸಾಕು’ ಎಂಬ ಮಾತನ್ನು ಒಬ್ಬ ಮನುಷ್ಯ ಮೊದಲ ಸಲ ನಂಬಿದ್ದ. ಅರ್ಧ ಚಮಚ ಹಲ್ವಾ ಹಿಡಿದು ಟೇಬಲ್ಲಿಗೆ ಬಂದೆ. ಸಾಕು ಅಂದವನೇ ತಿರುಗಿ ಹೋಗಿ ಬೇಕು ಅನ್ನುವುದು ಹೇಗೆ? ಹದಿನೈದು ನಿಮಿಷ ಬಿಟ್ಟು, ಕನ್ನಡಕ ತೆಗೆದು, ಮಗನ ಜಾಕೀಟು ಹಾಕಿಕೊಂಡು ಬೇರೆ ಮನುಷ್ಯನಾಗಿ ಹೋದೆ. ಹುಡುಗ ಗುರುತು ಹಿಡಿಯಲಿಲ್ಲ ಅಥವಾ ಹಿಡಿದೂ ಸುಮ್ಮನಿದ್ದ. ಮತ್ತೆ ಅರ್ಧ ಚಮಚ. ಬಾಯಿ ನನ್ನ ಮಾತು ಕೇಳದೆ ಮತ್ತೆ “ಬಸ್, ಬಸ್” ಅಂದಿತು.

“ಪಾಪ, ಹುಡುಗ ಛಲೋ ಇದ್ದಾನ. ನೀಡದು ಅಷ್ಟು ಕಲ್ತಿಲ್ಲ” ಎಂದಳು ನಮ್ಮಾಕಿ. ಅವಳ ದುಃಖ ಇನ್ನೂ ಮೂಲದ್ದು. “ಇಷ್ಟ್ ಮಂದಿ ಇದ್ದಾರ, ಒಬ್ರರೆ ‘ಉಣ್ಲಾಕ ಬರ್ರಿ’ ಅಂದ್ರೇನ್ರೀ?”

ಅವಳು ಹೇಳಿದ್ದರಲ್ಲಿ ಹುರುಳಿತ್ತು. ನಾವು ದಾಸೋಹದ ಊರಿನವರು. 1746ರಿಂದ 1822ರವರೆಗೆ ಬಾಳಿದ ಶರಣಬಸವೇಶ್ವರರ ಗುಡಿಯ ನೆರಳಲ್ಲಿ ಬೆಳೆದವರು. ಹೊಲ ಕಾಯಲು ಕುಳಿತ ಅಪ್ಪ ಹಕ್ಕಿ ಹಾರಿಸುವುದು ಬಿಟ್ಟು ಅವಕ್ಕೆ ಕುಡಿಯಲು ನೀರಿಟ್ಟರೆಂಬ ಕಥೆಯನ್ನು ಜಾತ್ರೆಯ ದಿನಗಳಲ್ಲಿ ಕೇಳಿ ಮಲಗಿದವರು. ಹಕ್ಕಿಗಳ ಮಾತು ಬೇರೆ, ಬಫೆಗೆಂದೇ ಹುಟ್ಟಿದವು. ತೆನೆ ಕಂಡಲ್ಲಿ ಕೂಡುತ್ತವೆ, ಹೊಟ್ಟೆ ತುಂಬಿದಾಗ ಹಾರುತ್ತವೆ, ಯಾರೂ ಕರೆಯಬೇಕಿಲ್ಲ. ಮನುಷ್ಯನನ್ನು ಮಾತ್ರ ಕರೆಯಬೇಕು, ಅವನು ಒಲ್ಲೆ ಅನ್ನಬೇಕು, ಇವರು ಬಿಡಬಾರದು. ಇಷ್ಟು ನಾಟಕ ನಡೆದ ಮೇಲೆಯೇ ನಮ್ಮ ಗಂಟಲಲ್ಲಿ ತುತ್ತು ಇಳಿಯುವುದು.

ಎರಡನೆಯ ದಿನ ನಮ್ಮಾಕಿ ವ್ಯವಸ್ಥೆಯನ್ನು ಕೈಗೆ ತೆಗೆದುಕೊಂಡಳು. ಸೊಲ್ಲಾಪುರದ ದಂಪತಿಯನ್ನು ಕರೆದು ಟೇಬಲ್ಲಿಗೆ ಕೂಡಿಸಿದಳು. ಮಗನೂ ಸೊಸೆಯೂ ಕೌಂಟರಿನಿಂದ ತಾಟು ತಾಟು ತರುವುದು, ಅವಳು ನಿಂತು ಒಬ್ಬೊಬ್ಬರಿಗೇ ನೀಡುವುದು. ಖಡಕ್ ರೊಟ್ಟಿ ಹೊರಬಂದವು. ನೋಡಲು ಬಂದ ಪುಣೆಯವರಿಗೂ ಹಿಂಡಿ ಬಿತ್ತು. “ಬಸ್ ಬಸ್, ವಹಿನಿ” ಎಂದು ಅವರು ಕೈ ಅಡ್ಡ ಹಿಡಿದರು. ಬೆರಳಿನ ಸಂದಿ ದೊಡ್ಡದಿತ್ತು. ಹಲ್ವಾದ ಹುಡುಗ ಕೌಂಟರಿನ ಹಿಂದಿನಿಂದ ನೋಡುತ್ತ ನಿಂತಿದ್ದ. ಮೂರನೆಯ ರಾತ್ರಿ ಅವನ ಕಡೆ ಹೋಗಿ ನಾನು ‘ಬಸ್’ ಅಂದಾಗ, ಅವನು ನಮ್ಮಾಕಿಯ ಕಡೆಗೊಮ್ಮೆ ಕಣ್ಣು ಹಾಯಿಸಿ, ಇನ್ನೆರಡು ಚಮಚ ಹಾಕಿದ.

ಮೊನ್ನೆ ಕಮಲಾಪುರದಲ್ಲಿ ಮಾಮಾನ ಮೊಮ್ಮಗನ ಲಗ್ನ. ಬಫೆ ಈಗ 35 ಕಿ.ಮೀ. ದಾಟಿ ಅಲ್ಲಿಗೂ ಬಂದಿದೆ. ಮಾಮಾಗೆ ಎಂಬತ್ನಾಲ್ಕು, ಮೊಣಕಾಲು ಹೋಗಿವೆ. ಹುಗ್ಗಿಯ ಪಾತ್ರೆಯ ಪಕ್ಕದಲ್ಲಿಯೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕೇಟರಿಂಗ್ ಹುಡುಗನ ಕೈಯಿಂದ ಸೌಟು ಇಸಿದುಕೊಂಡು ಕುಳಿತಿದ್ದರು. ಹುಡುಗ ಸಹಾಯಕನಂತೆ ಪಕ್ಕಕ್ಕೆ ನಿಂತಿದ್ದ.

“ಏನ್ ಅಳಿಯಾ, ಹಡಗದಾಗ ಊಟ ಹ್ಯಾಂಗಿತ್ತು?”

“ಛಲೋ ಇತ್ತು ಮಾಮಾ. ಸಾಕು ಅಂದ್ರ ಅಲ್ಲಿಗೇ ನಿಲ್ಲಸ್ತಾರ.”

“ಹಂಗಾರ ಉಪಾಸ ಬಂದೀದಿ ಅನ್ನು” ಎಂದು ಸೌಟು ಮುಳುಗಿಸಿದರು.

“ಖರೇನೇ ಸಾಕ್ರಿ ಮಾಮಾ. ನನಗ ಶುಗರ್ ಬಂದದ. ಡಾಕ್ಟ್ರು ಸಕ್ಕರಿ ಮುಟ್ಟಬ್ಯಾಡಂದಾರ.”

ಸೌಟು ಗಾಳಿಯಲ್ಲಿ ನಿಂತಿತು. ಮಾಮಾ ನನ್ನ ಮುಖವನ್ನೇ ನೋಡಿದರು. ಹಡಗಿನ ಹುಡುಗನ ನಂತರ ನನ್ನ ಮಾತು ನಂಬಿದ ಎರಡನೆಯ ಮನುಷ್ಯ ಇವರೇ ಎಂದುಕೊಂಡು ಕೈ ಸ್ವಲ್ಪ ಸರಿಸಿದೆ.

“ಸಕ್ಕರಿ ಯಾರ್ ಹಾಕ್ಯಾರೋ ಇದಕ್ಕ?” ಅಂದರು. “ಬೆಲ್ಲದ್ದದ. ಉಣ್ಣು.”

ಎರಡು ಸೌಟು ಬಿದ್ದವು. ತುಪ್ಪದ ಗಿಂಡಿ ಹಿಡಿದ ಹುಡುಗ ಆಗಲೇ ನನ್ನ ಕಡೆ ಬರುತ್ತಿದ್ದ.