ಅಣಬೆರಾಯರು ಎಲ್ಲಿಗೆ ಹೊರಟರು?

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸೀಮೆಯ ಯಾವ ಊರಿಗೆ ಹೋದರೂ ಒಬ್ಬರಾದರೂ ಅಣಬೆರಾಯರು ಇದ್ದೇ ಇರುತ್ತಾರೆ. ಪಡಿತರ ಚೀಟಿಯಲ್ಲಿ ಅವರ ಹೆಸರು ಬೇರೆ. ಅಡಿಕೆ ತೋಟದ ಧಣಿಯಾಗಿರಬಹುದು, ಅದೇ ತೋಟಕ್ಕೆ ಔಷಧಿ ಹೊಡೆಯುವ ಆಳಾಗಿರಬಹುದು, ನಿವೃತ್ತ ಮೇಷ್ಟರೂ ಆಗಿರಬಹುದು. ಗುರುತು ಹಿಡಿಯಲು ಒಂದೇ ಪ್ರಶ್ನೆ ಸಾಕು. ಆರಿದ್ರಾ ಮಳೆಯ ಬೆಳಗಿನಲ್ಲಿ ಕಂಬಳಿಕೊಪ್ಪೆಯಡಿ ಏನನ್ನೋ ಅವುಚಿಕೊಂಡು ಬರುವವರನ್ನು ತಡೆದು "ಎಲ್ಲಿ ಸಿಕ್ತು?" ಅಂತ ಕೇಳಿ. ಗಲ್ಲ ಎತ್ತಿ, ಅರ್ಧ ತಾಲ್ಲೂಕು ಒಳಗೊಳ್ಳುವ ಹಾಗೆ ಒಂದು ಸುತ್ತು ತಿರುಗಿಸಿ "ಇಲ್ಲೇ, ಈಚೆ ಕಡೆ" ಅಂದರೆ, ಅವರೇ.

ಉತ್ತರಗಳಲ್ಲೂ ದರ್ಜೆಗಳಿವೆ. ದಾರಿಹೋಕರಿಗೆ "ಈಚೆ ಕಡೆ". ನೆರೆಮನೆಯವರಿಗೆ "ಹೊಳೆಯಾಚೆ", ಹೊಳೆ ತುಂಬಿ ಕಾಲುಸಂಕ ಕೊಚ್ಚಿಹೋದ ದಿನವೂ ಅದು ಹೊಳೆಯಾಚೆಯೇ. ಒಡಹುಟ್ಟಿದವರಿಗೆ "ಯಾರೋ ಕೊಟ್ರು ಮಾರಾಯ". ಹೆಂಡತಿ ಕೇಳಿದರೆ "ನೀ ಮೊದ್ಲು ಮಸಾಲೆ ಅರಿ". ಮಲೆನಾಡಿನಲ್ಲಿ ಅಣಬೆ ಎದ್ದ ಜಾಗ ಕೇಳುವುದು ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರ ಸಂಬಳ ಕೇಳಿದಷ್ಟೇ ಒರಟುತನ. ಹಾಗೆಂದು ರಾಯರು ಸುಳ್ಳುಗಾರರಲ್ಲ. ಸೊಸೈಟಿ ಸಾಲವನ್ನು ಗಡುವಿಗೆ ಮೊದಲೇ ತೀರಿಸುವವರು, ಊರ ಪಂಚಾಯ್ತಿಯಲ್ಲಿ ಸಾಕ್ಷಿಗೆ ಕರೆಸಿಕೊಳ್ಳುವವರು. ಅವರ ಸುಳ್ಳಿಗೆ ಋತುವಿದೆ; ಮೃಗಶಿರಕ್ಕೆ ಶುರುವಾಗಿ ಮಘೆಯ ಹೊತ್ತಿಗೆ ಮುಗಿಯುತ್ತದೆ.

ಈ ಗುಟ್ಟಿಗೆ ಗಟ್ಟಿ ಕಾರಣವೇ ಇದೆ. ರಾಯರು ಪ್ರಾಣ ಬಿಡುವುದು ಹುತ್ತದ ಅಣಬೆಗೆ. 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಎಂಬ ವಿಜ್ಞಾನಿ ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಒಂದು ಜಾತಿಯನ್ನು 1979ರಲ್ಲಿ ನಟರಾಜನ್ ಅವರು ವಿವರಿಸಿದಾಗ ಅದಕ್ಕೆ ಹೈಮ್ ಅವರದೇ ಹೆಸರು ಬಂತು. ಈ ಅಣಬೆಯ ನಿಜವಾದ ಬೇಸಾಯಗಾರರು ಗೆದ್ದಲುಗಳು. ಎಲೆ, ಕಡ್ಡಿ, ಒಣಗಿದ ಮರ ಎಲ್ಲವನ್ನೂ ಅಗಿದು ನೆಲದೊಳಗೆ ಹೊತ್ತು ತಂದು, ಹಿಕ್ಕೆಯನ್ನೇ ಒಟ್ಟಿ ಜೇನುರೊಟ್ಟಿನ ಆಕಾರದ ದಿಬ್ಬ ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಹಬ್ಬುತ್ತದೆ. ಮರದ ಗಟ್ಟಿ ನಾರನ್ನು ಅದು ಮೆತ್ತಗೆ ಮಾಡಿಕೊಡುತ್ತದೆ, ಗೆದ್ದಲು ಉಣ್ಣುತ್ತದೆ. ಸುಮಾರು 3 ಕೋಟಿ ವರ್ಷಗಳಿಂದ ನಡೆದುಬಂದ ಕಮತ ಇದು. ಮಳೆ ಹಿಡಿದು ನೆಲ ತಂಪಾದಾಗ ಆ ತೋಟದಿಂದಲೇ ಒಂದೊಂದು ಕೊಡೆ ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ.

ಚಿಪ್ಪಣಬೆಯನ್ನು ಹುಲ್ಲಿನ ಚೀಲದಲ್ಲಿ ಬೆಳೆಯಬಹುದು, ಬಟನ್ ಅಣಬೆಯನ್ನು ಷೆಡ್ಡಿನಲ್ಲಿ ಬೆಳೆಯಬಹುದು. ಗೆದ್ದಲಿನ ಕೃಪೆಯಿಲ್ಲದೆ ಹುತ್ತದ ಅಣಬೆ ಬೆಳೆದು ಮಾರುಕಟ್ಟೆಗೆ ತರುವ ವಿದ್ಯೆ ಮಾತ್ರ ಮನುಷ್ಯನಿಗೆ ಇನ್ನೂ ಒಲಿದಿಲ್ಲ. ಗೂಡು ಜೀವಂತವಾಗಿರುವ ತನಕ ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ ವರ್ಷವೂ ಏಳುತ್ತದೆ. ನೆಲದ ಮೇಲೆ ಹುತ್ತ ಕಾಣಲೇಬೇಕೆಂದೂ ಇಲ್ಲ. ಗೂಡು ಪೂರ್ತಿ ನೆಲದಡಿಯೇ ಇದ್ದರೆ ಹೊರಗಿನವರ ಕಣ್ಣಿಗೆ ಅದು ಬರೀ ದರಗು ಮುಚ್ಚಿದ ಇಳಿಜಾರು, ರಾಯರ ಲೆಕ್ಕಕ್ಕೆ ಪಹಣಿಯಲ್ಲಿ ನಮೂದಾಗದ ಸ್ವಂತ ಆಸ್ತಿ. ಒಮ್ಮೆ ಬಾಯಿಬಿಟ್ಟರೆ ಮುಂದಿನ ವರ್ಷ ಅಲ್ಲಿ ಅಣಬೆಗಿಂತ ಮೊದಲು ಚಿಕ್ಕಪ್ಪನ ಮಗ ಎದ್ದಿರುತ್ತಾನೆ.

ಮೃಗಶಿರ ಮಳೆ ಹುಟ್ಟುವ ಜೂನ್ 7–8ರ ಹೊತ್ತಿಗೆ ರಾಯರ ಕಿವಿ ನಿಮಿರುತ್ತದೆ. ಟೀವಿಯ ಹವಾಮಾನ ಅವರಿಗೆ ಬೇಡ, ಗುಡುಗು ಬೇಕು. "ಗುಡುಗದೆ ಅಣಬೆ ಏಳೂದಿಲ್ಲ" ಎಂಬುದು ಅವರ ಅಜ್ಜಿಯಿಂದ ಬಂದ ಸಿದ್ಧಾಂತ. ನಗುವವರು ನಗಲಿ. ಗ್ರೀಕರ ಪ್ಲುಟಾರ್ಕ್ ಕೂಡ ನೆಲದಡಿಯ ಟ್ರಫಲ್‌ಗೂ ಗುಡುಗಿಗೂ ಏನು ನಂಟು ಎಂದು ಚರ್ಚಿಸಿದ್ದ. ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಅಣಬೆ ಹಾಸುಗೆಗೆ ಕೃತಕ ಸಿಡಿಲು ಹೊಡೆಸಿ ನೋಡಿ, ಶಿಟಾಕೆ ಮತ್ತು ನಮೆಕೊ ಇಳುವರಿ ಗಣನೀಯವಾಗಿ ಹೆಚ್ಚಿತೆಂದು ಕಂಡುಕೊಂಡರು. ಮೊಮ್ಮಗಳು ಇದನ್ನು ಮೊಬೈಲಿನಲ್ಲಿ ಓದಿ ಹೇಳಿದ ದಿನ ರಾಯರು ಜಗಲಿಯಲ್ಲಿ ಎರಡು ಕವಳ ಹೆಚ್ಚಿಗೆ ಹಾಕಿದರು. "ಜಪಾನಿನವ್ರಿಗೆ ಈಗ ಗೊತ್ತಾಯ್ತನಾ?" ಎಂದರು. ಅಜ್ಜಿಯ ಫೋಟೋಕ್ಕೆ ಅಂದು ಹೊಸ ಹೂವು ಬಿತ್ತು.

ಹೊರಡುವುದು ನಸುಕಿಗೂ ಮೊದಲು. ಬಿಸಿಲೇರಿದರೆ ಕೊಡೆ ಪೂರ್ತಿ ಬಿಚ್ಚಿಕೊಂಡು ಹುಳ ಸೇರುತ್ತದೆ. ಅರೆಬಿರಿದ ಮೊಗ್ಗಿಗೇ ರುಚಿ. ಬೇಗ ಹೊರಡಲು ಇನ್ನೂ ದೊಡ್ಡ ಕಾರಣ, ಬೇರೆಯವರು ಏಳುವುದರೊಳಗೆ ಮುಗಿಸಬೇಕು. ಬ್ಯಾಟರಿಯ ಬೆಳಕು ಹೊರಬೀಳದಂತೆ ಕಂಬಳಿಯೊಳಗೆ ಹಿಡಿಯುತ್ತಾರೆ. ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಕಲಸಿ ಕಾಲಿಗೆ ಬಳಿದುಕೊಂಡಿರುತ್ತಾರೆ. ನೇರ ದಾರಿ ಹಿಡಿಯುವ ಮಾತೇ ಇಲ್ಲ; ಮೊದಲು ದೇವಸ್ಥಾನದ ಕಡೆ, ಅಲ್ಲಿಂದ ಗದ್ದೆ ಬದುವಿನಲ್ಲಿ ಹಿಂದಕ್ಕೆ, ಆಮೇಲೆ ತಮ್ಮದೇ ಸೊಪ್ಪಿನಬೆಟ್ಟಕ್ಕೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದೊಳಗೆ ಕೈಹಾಕಿದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆಂದು ಅವರಿಗೆ ಗೊತ್ತು. ಆ ಕಾಯ್ದೆಯ ವಿಷಯದಲ್ಲಿ ಬೇರೆಯವರನ್ನು ಎಚ್ಚರಿಸಲು ಅವರಿಗೆ ಬಹಳ ಉತ್ಸಾಹ. ಯಾವ ಗುಡ್ಡದತ್ತ ಯಾರು ಕಣ್ಣು ಹಾಯಿಸಿದರೂ "ಅದು ಫಾರೆಸ್ಟು, ಕೇಸಾಗ್ತದೆ" ಎನ್ನುತ್ತಾರೆ.

ಅತ್ಯಂತ ಕಷ್ಟದ ಗಳಿಗೆಯೆಂದರೆ ಕಾಡಿನ ನಡುವೆ ಇನ್ನೊಬ್ಬ ಅಣಬೆರಾಯರು ಎದುರಾಗುವುದು.

"ಏನು, ಇಷ್ಟು ಬೇಗ?"

"ದನ ತಪ್ಪಿಸ್ಕೊಂಡದೆ. ನೀವು?"

"ನಮ್ದೂ ಅದೇ. ಕೆಂದಿ."

ಇಬ್ಬರ ಕೊಟ್ಟಿಗೆಯೂ ಖಾಲಿಯಾಗಿ ವರ್ಷಗಳಾಗಿವೆ, ಹಾಲು ಬರುವುದು ಪ್ಯಾಕೆಟ್ಟಿನಲ್ಲಿ. ಇದು ಇಬ್ಬರಿಗೂ ಗೊತ್ತು. ಆದರೂ ಇಲ್ಲದ ದನವನ್ನು ಇಬ್ಬರೂ ಒಟ್ಟಿಗೆ ಕೂಗುತ್ತ ಬೆಟ್ಟ ಇಳಿಯುತ್ತಾರೆ. ಅಡಿಕೆಯ ಕೊಳೆರೋಗ, ಬೋರ್ಡೊ ದ್ರಾವಣದ ಖರ್ಚು, ಕೊನೆಗಾರರ ಕೂಲಿ, ಎಲ್ಲ ಚರ್ಚೆಯಾಗುತ್ತದೆ. ಅಣಬೆಯ ಸುದ್ದಿ ಮಾತ್ರ ಬರುವುದಿಲ್ಲ. ಒಬ್ಬರನ್ನೊಬ್ಬರು ಮನೆಬಾಗಿಲ ತನಕ ಬೀಳ್ಕೊಟ್ಟು, ಹತ್ತು ನಿಮಿಷ ಬಿಟ್ಟು, ಬೇರೆ ಬೇರೆ ಬೇಲಿ ಹಾರಿ ಮತ್ತೆ ಬೆಟ್ಟ ಹತ್ತುತ್ತಾರೆ.

ಜಾಗ ತಲುಪಿದ ಮೇಲೆ ರಾಯರು ಬೇರೆಯೇ ಮನುಷ್ಯ. ಮೊಣಕಾಲೂರಿ, ದರಗನ್ನು ಒಂದೊಂದೇ ಎಲೆಯಾಗಿ ಸರಿಸುತ್ತಾರೆ. ಬೂದುಬಣ್ಣದ ಚೂಪು ತುದಿ ಕಾಣುತ್ತದೆ; ಮಣ್ಣು ಸೀಳಿ ಬರಲೆಂದೇ ಆ ನೆತ್ತಿ ಗಟ್ಟಿಯಾಗಿರುತ್ತದೆ. ಎರಡು ಬೆರಳನ್ನು ಕಾಂಡದ ಬುಡಕ್ಕೆ ಇಳಿಸಿ, ಸ್ವಲ್ಪ ತಿರುವಿ, ಎಳೆದರೂ ಎಳೆಯದ ಹಾಗೆ ಎತ್ತುತ್ತಾರೆ. ಗೂಡಿನ ತನಕ ಇಳಿದಿರುವ ಬೇರಿನಂಥ ಬಾಲ ಗೇಣುದ್ದ ಹೊರಬಂದು, ಎಲ್ಲೋ ಒಳಗೆ ಸಣ್ಣಗೆ ತುಂಡಾಗುತ್ತದೆ. ಹಾರೆ, ಗುದ್ದಲಿ ನಿಷಿದ್ಧ. ಗೂಡು ಕೆದಕಿದರೆ ಆ ಆಸ್ತಿ ಅಲ್ಲಿಗೆ ಮುಗಿಯಿತು. ಬಲಿತು ಚಪ್ಪಟೆಯಾದವನ್ನು ಬಿಡುತ್ತಾರೆ. ಕೊನೆಗೆ ಸರಿಸಿದ ದರಗನ್ನು ಮೊದಲಿದ್ದ ಹಾಗೇ ಹರಡಿ, ನಾಲ್ಕು ಹೆಜ್ಜೆ ಹಿಂದೆ ನಿಂತು ಪರೀಕ್ಷಿಸುತ್ತಾರೆ. ಮಗಳ ಮದುವೆಯ ಚಪ್ಪರವನ್ನೂ ಅವರು ಇಷ್ಟು ಅಚ್ಚುಕಟ್ಟಾಗಿ ನೋಡಿದವರಲ್ಲ.

ಅಕ್ಕಿ ಅಣಬೆ ಸಿಕ್ಕ ದಿನ ಮನೆಯಲ್ಲಿ ಯುದ್ಧ. ಇದೂ ಗೆದ್ದಲಿನ ಕುಲವೇ, ಆದರೆ ಕೊಡೆ ಒಂದೆರಡು ಸೆಂಟಿಮೀಟರ್ ದಾಟುವುದಿಲ್ಲ. ಗೆದ್ದಲು ಹಳೆಯ ದಿಬ್ಬದ ಚೂರನ್ನು ಹೊರಹಾಕಿದಲ್ಲಿ ನೂರುಗಟ್ಟಲೆ ಒಮ್ಮೆಗೇ ಅರಳುತ್ತದೆ. ಕೊಯ್ಯುವ ಹೆಮ್ಮೆ ರಾಯರದು, ಒಂದೊಂದರ ಬುಡದ ಮಣ್ಣನ್ನೂ ಬಿಡಿಸುವ ಕರ್ಮ ಹೆಂಗಸರದು. ಎಲ್ಲ ಮುಗಿಸಿ ಒಲೆಗೇರಿಸಿದರೆ ಇನ್ನೊಂದು ಆಘಾತ ಕಾದಿರುತ್ತದೆ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಹೆಡಿಗೆ ತುಂಬ ತಂದದ್ದು ಬೋಗುಣಿಯ ತಳಕ್ಕೆ ಕೂರುತ್ತದೆ. ಹೆಡಿಗೆ ನೋಡಿ ಊಟಕ್ಕೆ ಕರೆಸಿಕೊಂಡಿದ್ದ ನೆಂಟರು ಬೋಗುಣಿ ನೋಡಿ ಮೌನವಾಗುತ್ತಾರೆ. ಜೀರಿಗೆ ಮೆಣಸಿನ ಖಾರಕ್ಕೆ ಹಲಸಿನ ಬೀಜ ಬೆರೆಸಿ ಪಾಲು ಹೆಚ್ಚಿಸುವ ಉಪಾಯ ಹುಟ್ಟಿದ್ದು ಇಂಥ ಸಂದರ್ಭದಲ್ಲೇ ಇರಬೇಕು.

ಇನ್ನು ಕೆಲವು ಮನೆಗಳಲ್ಲಿ ಅಣಬೆ ಹೊಸಿಲು ದಾಟುವಂತಿಲ್ಲ. ಮನುಸ್ಮೃತಿ ಅದನ್ನು ನಿಷಿದ್ಧ ಆಹಾರಗಳ ಪಟ್ಟಿಗೆ ಸೇರಿಸಿದೆ. ಆ ಮನೆಯ ರಾಯರು ಶಾಸ್ತ್ರವನ್ನು ಮೀರುವವರಲ್ಲ. ಅಡಿಕೆ ಬೇಯಿಸುವ ಹೊರಗಿನ ಒಲೆಯ ಹತ್ತಿರ ಶಾಸ್ತ್ರದ ವ್ಯಾಪ್ತಿ ಮುಗಿಯುತ್ತದೆ ಎಂದು ನಂಬಿದವರು, ಅಷ್ಟೆ.

ಘಟ್ಟ ಇಳಿದರೆ ಇದೇ ಸ್ವಭಾವದ ಇನ್ನೊಂದು ಶಾಖೆಯಿದೆ. ಕಾರ್ಕಳ, ಉಡುಪಿ ಕಡೆ ಕಲ್ಲಣಬೆಯ ಕಾಲ, ತುಳುವರ ಬಾಯಲ್ಲಿ ಕಲ್ಲಲಾಂಬು. ಮೊದಲ ಮಳೆಗೆ ಬೋಗಿ ಜಾತಿಯ ಮರಗಳ ಬುಡದಲ್ಲಿ, ಆ ಮರಗಳ ಬೇರಿನೊಡನೆ ಕೊಡುಕೊಳ್ಳುವ ವ್ಯವಹಾರ ಇಟ್ಟುಕೊಂಡು, ಅರ್ಧ ಮಣ್ಣಿನಲ್ಲಿ ಹೂತು ಬೆಳೆಯುವ ಗುಂಡನೆಯ ಅಣಬೆ ಇದು. ಎಳೆಯದಾದರೆ ಒಳಗೆ ಬಿಳಿ, ಹಲ್ಲಿಗೆ ಕರುಂ ಎನ್ನುತ್ತದೆ. ಬಲಿತರೆ ಒಳಗೆಲ್ಲ ಕಪ್ಪುಪುಡಿ, ಆಮೇಲೆ ಹೊರಸಿಪ್ಪೆ ನಕ್ಷತ್ರದ ಹಾಗೆ ಬಿರಿಯುತ್ತದೆ. ಕಿಲೋಗೆ ನೂರಾರು ರೂಪಾಯಿ. ಹೆಕ್ಕಿ ತಂದು ಮಾರುವ ಹೆಂಗಸಿನ ಬಳಿ ರಾಯರ ತಂತ್ರಗಳೇನೂ ನಡೆಯುವುದಿಲ್ಲ. ಒಂದನ್ನು ಉಗುರಿನಲ್ಲಿ ಸೀಳಿ ಬಿಳುಪು ತೋರಿಸಿ ರೇಟು ಹೇಳುತ್ತಾಳೆ. ಎಲ್ಲಿಂದ ತಂದದ್ದೆಂದು ಕೇಳಿದರೆ, "ಗುಡ್ಡೆಯಿಂದ" ಎಂಬ ಉತ್ತರ. ಕರಾವಳಿಯಲ್ಲಿ ಗುಡ್ಡೆ ಎಷ್ಟಿವೆ ಎಂಬುದು ಕೊಳ್ಳುವವರ ತಲೆನೋವು.

ಈಚಿನ ವರ್ಷಗಳಲ್ಲಿ ರಾಯರ ನೆಮ್ಮದಿ ಕೆಡಿಸಿರುವುದು ಬೆಂಗಳೂರಿನ ಅಳಿಯ. ವಾರಾಂತ್ಯಕ್ಕೆ ಕಾರಿನಲ್ಲಿ ಬರುತ್ತಾನೆ, ಕುತ್ತಿಗೆಯಲ್ಲಿ ಕ್ಯಾಮೆರಾ, ಕೈಯಲ್ಲಿ ಫೋಟೋ ತೋರಿಸಿದರೆ ಹೆಸರು ಹೇಳುವ ಆ್ಯಪ್. ರಾಯರಿಗೆ ಗೊತ್ತಿರುವುದು ನಾಲ್ಕು ಬಗೆ, ಅಳಿಯನಿಗೆ ಮುನ್ನೂರು. ಒಂದು ಸಲ ಹೋಮ್‌ಸ್ಟೇಯ ಹುಲ್ಲುಹಾಸಿನಲ್ಲಿ ಅಂಗೈಗಿಂತ ಅಗಲದ ಬಿಳಿ ಕೊಡೆಗಳನ್ನು ಕಂಡು ಅವನು ಕುಣಿದಾಡಿಬಿಟ್ಟ. ರಾಯರು ಒಂದನ್ನು ಕಿತ್ತು ಕಾಂಡ ಮುರಿದು, ಬಿಳಿ ಕಾಗದದ ಮೇಲೆ ತಲೆಯನ್ನು ಬೋರಲು ಹಾಕಿ, ಮೇಲೊಂದು ಲೋಟ ಮುಚ್ಚಿದರು. ಬೆಳಗಾಗುವುದರಲ್ಲಿ ಕಾಗದದ ಮೇಲೆ ಹಸಿರು ಪುಡಿಯ ಗೆರೆಗಳು. ಹುತ್ತದ ಅಣಬೆಯ ಪುಡಿಗೆ ನಸುಗೆಂಪಿನ ಛಾಯೆ ಇರುತ್ತದೆ. ಹಸಿರು ಬಿದ್ದರೆ ಅದು ಕ್ಲೋರೋಫಿಲಮ್, ತಿಂದವರನ್ನು ವಾಂತಿ ಭೇದಿಯಲ್ಲಿ ನೆಲಕ್ಕೆ ಕೆಡಹುವ ಜಾತಿ. ರಾಯರಿಗೆ ಈ ಹೆಸರೆಲ್ಲ ಬೇಕಿಲ್ಲ. "ಇದು ನಮ್ಮದಲ್ಲ" ಎಂದರು, ಕಾಗದವನ್ನು ಒಲೆಗೆ ಹಾಕಿದರು.

ಅಳಿಯ ಬಿಡಲಿಲ್ಲ, ಬೆಳ್ಳಿ ಚಮಚದ ಪರೀಕ್ಷೆ ತೆಗೆದ. ವಿಷವಿದ್ದರೆ ಬೆಳ್ಳಿ ಕಪ್ಪಾಗುತ್ತದಂತೆ. ಬೆಳ್ಳಿ ಕಪ್ಪಾಗುವುದು ಗಂಧಕಕ್ಕೆ. ಮಸಾಲೆಯ ಬೆಳ್ಳುಳ್ಳಿಗೂ ಕಪ್ಪಾದೀತು, ಅಮಾನಿಟಾ ಜಾತಿಯ ಕೊಲೆಗಡುಕ ಅಣಬೆಯಲ್ಲಿ ಅದ್ದಿದರೂ ಫಳಫಳ ಹೊಳೆದೀತು. ಆ ವಿಷ ಕುದಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ತಿಂದು ಆರರಿಂದ ಇಪ್ಪತ್ನಾಲ್ಕು ಗಂಟೆ ಏನೂ ಆಗುವುದಿಲ್ಲ, ಆಮೇಲೆ ವಾಂತಿ, ನಡುವೆ ಗುಣವಾದಂತೆ ಒಂದು ನಾಟಕ, ಅಷ್ಟರಲ್ಲಿ ಪಿತ್ತಜನಕಾಂಗ ಕೈಕೊಟ್ಟಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ತೀರಿಕೊಂಡರು, ಹೆಚ್ಚಿನವರು ಚಹಾ ತೋಟದ ಬಡ ಕುಟುಂಬಗಳವರು. ಈ ಸುದ್ದಿ ಬಂದ ದಿನ ಪತ್ರಿಕೆಯನ್ನು ಎರಡು ಸಲ ಓದಿದ ರಾಯರು, ತಮ್ಮ ನಾಲ್ಕರ ಪಟ್ಟಿಯಿಂದ ಅಷ್ಟೇನೂ ಖಾತ್ರಿಯಿಲ್ಲದ ಒಂದನ್ನು ತೆಗೆದುಹಾಕಿ ಮೂರು ಮಾಡಿದರು. ಗೊತ್ತಿರುವುದನ್ನು ಕಡಿಮೆ ಮಾಡಿಕೊಳ್ಳುವ ಪಂಡಿತರನ್ನು ಅಳಿಯ ಅದುವರೆಗೆ ಕಂಡಿರಲಿಲ್ಲ.

ಆದರೂ ವಯಸ್ಸಾಯಿತು, ಮೊಣಕಾಲು ನೋವು. ಜಾಗಗಳು ಅವರೊಂದಿಗೇ ಹೋಗಿಬಿಡಬಾರದೆಂದು ಮನೆಯವರೆಲ್ಲ ಸೇರಿ ರಾಯರನ್ನು ಒಪ್ಪಿಸಿದರು. ಅಳಿಯ ಮೊಬೈಲಿನ ನಕ್ಷೆ ತೆರೆದು ಕುಳಿತ. "ಇದು ಬೇರೆಯವ್ರಿಗೂ ಕಾಣ್ತದಾ?" ಎಂದು ರಾಯರು ಕೇಳಿದರು. ಕಾಣುವುದಿಲ್ಲವೆಂದು ಅವನು ಆಣೆ ಮಾಡಿದ. ಮೊಮ್ಮಗಳನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ಐದು ಜಾಗಗಳನ್ನು ತೋರುಬೆರಳಿನಿಂದ ಒತ್ತಿ ತೋರಿಸಿದರು.

ಮುಂದಿನ ಆರಿದ್ರೆಗೆ ಅಳಿಯ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ನಾಲ್ಕೂವರೆಗೇ ಹೊರಟ. ಮೊದಲನೆಯದು ಪಂಚಾಯ್ತಿ ಕೆರೆಯ ನಟ್ಟನಡುವೆ. ಎರಡನೆಯದು ನೆರೆಮನೆಯವರ ಗೊಬ್ಬರಗುಂಡಿ, ಅಲ್ಲಿ ನಾಯಿಯೂ ಇತ್ತು. ಮೂರು ಮತ್ತು ನಾಲ್ಕು ಒಂದೇ ಬಿದಿರುಮೆಳೆಯ ಎರಡು ಮಗ್ಗುಲು. ಐದನೆಯದನ್ನು ಹುಡುಕುತ್ತ ಉಂಬಳ ಕಿತ್ತುಕೊಳ್ಳುತ್ತ ಹತ್ತಿದರೆ, ಕಾಡಿನಂಚಿನ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಒಳಗಿದ್ದ ಕಾವಲುಗಾರ ಇವರನ್ನು ನೋಡಿ ಏನೂ ಕೇಳದೆ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟ.

"ಕೂತ್ಕಳಿ," ಎಂದ. "ಹೋದ ವರ್ಷ ಪೋಸ್ಟ್‌ಮ್ಯಾನ್ ಬಂದಿದ್ದ. ಅವ್ನಿಗೂ ಇದೇ ಜಾಗ ಹೇಳಿದ್ರಂತೆ."