ಆಸನಾಧೋವರ್ತಿ ಬ್ಯಾಟರಿ ಮೀಮಾಂಸೆ

ಕೂತು ಓಡಿಸುವ ಹುಲ್ಲುಕತ್ತರಿ ಬಂಡಿಯಲ್ಲಿ ಸವಾರನಿಗೂ ಭೂಮಿಗೂ ನಡುವೆ, ಸೀಟಿನ ಅಡಿಯಲ್ಲಿ, ಒಂದು ಕಪ್ಪು ಪೆಟ್ಟಿಗೆ ಇರುತ್ತದೆ. ಅದನ್ನು ಪ್ರತ್ಯಕ್ಷ ಪ್ರಮಾಣದಿಂದ ಬಲ್ಲವರು ವಿರಳ. ಬಹುಮಂದಿಗೆ ಅದರ ಜ್ಞಾನ ಉಂಟಾಗುವುದು ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಕೀಲಿ ತಿರುವಿದಾಗ ‘ಟಿಕ್’ ಎಂಬ ಏಕಾಕ್ಷರಿ ಮಾತ್ರ ಕೇಳಿಸಿ ಆಮೇಲೆ ಏನೂ ಕೇಳಿಸದೆ ಹೋದಾಗ. ಇಲ್ಲದಿರುವುದನ್ನು ತಿಳಿಯಲು ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವೇ ಬೇಕೆಂದು ಭಾಟ್ಟ ಮೀಮಾಂಸಕರು ನೈಯಾಯಿಕರೊಂದಿಗೆ ಶತಮಾನಗಟ್ಟಲೆ ವಾದಿಸಿದರು. ಆ ವಾದ ಒಹಾಯೋದ ಯಾವುದಾದರೂ ಗ್ಯಾರೇಜಿನಲ್ಲಿ ನಡೆದಿದ್ದರೆ ಮಧ್ಯಾಹ್ನದ ಊಟದೊಳಗೆ ಇತ್ಯರ್ಥವಾಗುತ್ತಿತ್ತೆಂದು ನಮ್ಮ ವಿನಮ್ರ ಅಭಿಪ್ರಾಯ.

ಕೆಲವು ಬಂಡಿಗಳಲ್ಲಿ ಪೆಟ್ಟಿಗೆ ಮುಂಭಾಗದ ಬಾನೆಟ್ಟಿನ ಕೆಳಗಿರುತ್ತದೆ. ಅವುಗಳ ಒಡೆಯರು ಅನ್ಯಶಾಖೆಯವರು, ಅವರಿಗೆ ಅವರದೇ ಭಾಷ್ಯಕಾರರು ದೊರೆಯಲಿ.

ಅಧಿಕಾರಿ ವಿಚಾರ

ಯಾವ ಶಾಸ್ತ್ರವಾದರೂ ಅದನ್ನು ಓದುವ ಅಧಿಕಾರ ಯಾರಿಗೆಂದು ಮೊದಲು ಹೇಳಬೇಕು. ಅರ್ಧ ಎಕರೆಗೆ ಕಡಿಮೆಯಿಲ್ಲದ ಹುಲ್ಲು ಉಳ್ಳವನೂ, ಎಮ್ಮೆ ಇಲ್ಲದವನೂ, ಹುಲ್ಲು ಕಣಕಾಲು ದಾಟಿದರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಅತಿ ವಿನಯದ ಪತ್ರ ಪಡೆಯತಕ್ಕವನೂ ಆದವನೇ ಇಲ್ಲಿ ಅಧಿಕಾರಿ. ಧಾರವಾಡದ ಹಿತ್ತಿಲಲ್ಲಿ ಎಮ್ಮೆಯೊಂದು ತಾನೇ ಮಾಡಿ ಮುಗಿಸಿ, ಮೇಲೆ ಹಾಲನ್ನೂ ಕೊಡುವ ಕೆಲಸಕ್ಕೆ ಇವನು ಪೆಟ್ರೋಲು, ಎಣ್ಣೆ, ಬೆಲ್ಟು, ಬ್ಲೇಡು ಮತ್ತು ಪ್ರಸ್ತುತ ಪೆಟ್ಟಿಗೆಯನ್ನು ಕೊಳ್ಳುತ್ತಾನೆ. (ಪುಲ್ಲಿಂಗ ಶಾಸ್ತ್ರದ ರೂಢಿಯಷ್ಟೇ. ಹೆಂಗಸರು ನೋಡಿಕೊಳ್ಳುವ ಬಂಡಿಗಳೂ ಉಂಟು. ಅವು ಏಪ್ರಿಲ್‌ನಲ್ಲಿ ಸ್ಟಾರ್ಟ್ ಆಗುವುದರಿಂದ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.)

ಇಂಥ ಅಧಿಕಾರಿಗಳು ಎಲ್ಲೋ ನಾಲ್ಕು ಮಂದಿ ಎಂದು ಶಂಕಿಸಬಾರದು. ಕ್ರಿಸ್ಟೀನಾ ಮಿಲೇಸಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅಮೆರಿಕದ ಹುಲ್ಲುಹಾಸು, ಗಾಲ್ಫ್ ಮೈದಾನಗಳೂ ಸೇರಿ, ಸುಮಾರು 1,63,800 ಚದರ ಕಿಲೋಮೀಟರ್. ಕರ್ನಾಟಕದ ವಿಸ್ತೀರ್ಣ 1,91,791. ಅಂದರೆ ಬೀದರಿನಲ್ಲಿ ಕೀಲಿ ತಿರುವಿ ಹುಲ್ಲು ಕೊಯ್ಯುತ್ತ ಇಳಿದು ಬಂದವನಿಗೆ ಹಾಸನ, ಮಂಡ್ಯ, ಕೊಡಗು, ಮೈಸೂರು, ಚಾಮರಾಜನಗರ ಇಷ್ಟರಿಂದ ಮಾತ್ರ ಹೆಚ್ಚುಕಡಿಮೆ ವಿನಾಯಿತಿ. ಇಷ್ಟು ಹುಲ್ಲನ್ನು ಬೆಳೆಸಿ, ನೀರು ಹಾಯಿಸಿ, ಕೊಯ್ದು, ಒಂದು ಕರುವಿಗೂ ಹಾಕದೆ ಇರುವ ನಿಷ್ಕಾಮ ಕರ್ಮವನ್ನು ಗೀತೆಯ ವ್ಯಾಖ್ಯಾನಕಾರರು ಉದಾಹರಣೆಯಾಗಿ ಬಳಸದಿರುವುದು ಸೋಜಿಗ.

ಇತಿಹಾಸ ಹೇಳದ ಪ್ರಬಂಧಕ್ಕೆ ಪದವಿ ಸಿಗುವುದಿಲ್ಲವಾದ್ದರಿಂದ ಎರಡು ಮಾತು. ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ ಎಂಬಾತ ಉಣ್ಣೆ ಗಿರಣಿಯಲ್ಲಿ ಬಟ್ಟೆಯ ಜುಂಗು ಕತ್ತರಿಸುವ ಯಂತ್ರವನ್ನು ಕಂಡು, ಅದೇ ಉಪಾಯವನ್ನು ಹುಲ್ಲಿಗೆ ಹೂಡಿ, 1830ರಲ್ಲಿ ಪೇಟೆಂಟ್ ಪಡೆದ. ಅದು ತಳ್ಳುವ ಯಂತ್ರ. ಅದರಲ್ಲಿ ಕೆಡಬಹುದಾದದ್ದು ತಳ್ಳುವವನ ಸೊಂಟ ಮುಖ್ಯವಾಗಿ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಅದ್ದಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಮಾಡಿದ. ಒಬ್ಬರಿಗೊಬ್ಬರು ಯಾವ ಅಪಕಾರವನ್ನೂ ಮಾಡದ ಈ ಇಬ್ಬರು ಮಹನೀಯರನ್ನು ಉತ್ತರಕಾಲೀನರು ಒಂದೇ ಸೀಟಿನ ಕೆಳಗೆ ತಂದು ಕೂರಿಸಿದರು.

ಮರಣ ವಿಚಾರ

ಈಗ ಪ್ರಬಂಧದ ಮುಖ್ಯ ಪ್ರಮೇಯ: ಬ್ಯಾಟರಿ ಸಾಮಾನ್ಯವಾಗಿ ಹುಲ್ಲು ಕತ್ತರಿಸುವುದರಿಂದ ಸಾಯುವುದಿಲ್ಲ, ಹುಲ್ಲು ಕತ್ತರಿಸದಿರುವುದರಿಂದ ಸಾಯುತ್ತದೆ. ಸಾವು ಚಳಿಗಾಲದಲ್ಲಿ, ಸೂತಕ ವಸಂತದಲ್ಲಿ.

ಪೂರ್ವಪಕ್ಷಿ ಕೇಳುತ್ತಾನೆ: ಅಕ್ಟೋಬರಿನಲ್ಲಿ ಚೆನ್ನಾಗಿಯೇ ಇತ್ತಲ್ಲ, ಮುಟ್ಟದೆ ಇಟ್ಟದ್ದು ಹೇಗೆ ಕೆಟ್ಟಿತು? ಉತ್ತರ: ಮುಟ್ಟದೆ ಇಟ್ಟದ್ದರಿಂದಲೇ. ಬ್ಯಾಟರಿ ಕರೆಂಟು ಕೊಡುವಾಗ ಒಳಗಿನ ಆಮ್ಲದ ಸಲ್ಫೇಟು ಸೀಸದ ಫಲಕಗಳಿಗೆ ಅಂಟುತ್ತದೆ, ಚಾರ್ಜ್ ಮಾಡಿದಾಗ ಬಿಟ್ಟುಬರುತ್ತದೆ. ಯಾರೂ ಬಳಸದಿದ್ದರೂ ಅದು ತನ್ನಷ್ಟಕ್ಕೆ ನಿಧಾನವಾಗಿ ಬರಿದಾಗುತ್ತಲೇ ಇರುತ್ತದೆ. ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಆ ಸಲ್ಫೇಟು ಹರಳುಗಟ್ಟಿ, ಗಡಸು ನೀರು ಕಾಯಿಸಿದ ಹಂಡೆಯ ಒಳಮೈಗೆ ಕಟ್ಟಿದ ಗಸಿಯಂತೆ ಕೂತುಬಿಡುತ್ತದೆ. ಆಮೇಲೆ ಚಾರ್ಜರಿನ ಮಾತನ್ನು ಅದು ಕೇಳುವುದಿಲ್ಲ. ಆಮ್ಲ ಕಡಿಮೆಯಾದಷ್ಟೂ ಉಳಿಯುವುದು ನೀರು, ನೀರು ಹೆಪ್ಪುಗಟ್ಟುತ್ತದೆ. ಪೂರ್ತಿ ಚಾರ್ಜಾದ ಬ್ಯಾಟರಿ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದೀತು, ಬರಿದಾದದ್ದು ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿಯುವ ಮೊದಲೇ ಗಟ್ಟಿಯಾಗುತ್ತದೆ. ಹೆಪ್ಪುಗಟ್ಟಿ ಹೊಟ್ಟೆ ಉಬ್ಬಿದ ಬ್ಯಾಟರಿಗೆ ಚಾರ್ಜರ್ ಹಚ್ಚುವವನು ಪ್ರಬಂಧಕ್ಕೆ ವಿಷಯವಾಗುವುದಿಲ್ಲ, ಆಸ್ಪತ್ರೆಗೆ ವಿಷಯವಾಗುತ್ತಾನೆ.

ಆದುದರಿಂದ ವಿಧಿವಾಕ್ಯ: ಕೊನೆಯ ಕೊಯ್ಲಾದ ಮೇಲೆ ಪೂರ್ತಿ ಚಾರ್ಜ್ ಮಾಡಿ, ಕಳಚಿ, ತಂಪಾದ ಒಣ ಜಾಗದಲ್ಲಿ ಇಡತಕ್ಕದ್ದು, ಒಂದೊಂದು ತಿಂಗಳಿಗೆ ವೋಲ್ಟ್‌ಮೀಟರ್ ಹಿಡಿದು ನೋಡತಕ್ಕದ್ದು. 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ತುಂಬಿದ ಕೊಡ. 12.4ಕ್ಕೆ ಇಳಿದರೆ ಮತ್ತೆ ಚಾರ್ಜ್. 12 ಎಂದರೆ ಸಾಮಾನ್ಯರು ‘ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹನ್ನೆರಡು ಇದೆ, ಸರಿ ಇದೆ’ ಎನ್ನುತ್ತಾರೆ, ಇದೇ ಲೋಕದ ಮಾಯೆ; ಅದು ಬಹುಪಾಲು ಬರಿದಾದ ಬ್ಯಾಟರಿ. ಚಾರ್ಜ್ ಮಾಡಿ ಇಳಿಸಿಟ್ಟ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಕೋಶಗಳಲ್ಲಿ ಒಂದು ಸತ್ತಿದೆ ಎಂದು ತಿಳಿದು, ಉಳಿದ ಐದರ ಮೇಲಿನ ಮೋಹವನ್ನೂ ಬಿಡುವುದು.

ಇಲ್ಲಿ ಒಂದು ಉಪವಿವಾದ. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ನೆಲ ಕರೆಂಟನ್ನು ಹೀರುತ್ತದೆ, ಹಲಗೆಯ ಮೇಲೇ ಇಡಬೇಕು ಎಂಬ ವೃದ್ಧವಾಕ್ಯ ಅಮೆರಿಕದ ಗ್ಯಾರೇಜುಗಳಲ್ಲಿ ಇಂದಿಗೂ ಜಾರಿಯಲ್ಲಿದೆ. ಮರದ ಮತ್ತು ಗಟ್ಟಿ ರಬ್ಬರಿನ ಪೆಟ್ಟಿಗೆಗಳ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಈಗಿನ ಪಾಲಿಪ್ರೊಪಿಲೀನ್ ಪೆಟ್ಟಿಗೆಯಿಂದ ಸಿಮೆಂಟ್ ಏನನ್ನೂ ಹೀರಲಾರದು. ಆದರೂ ಹಲಗೆ ಇಡುವವರನ್ನು ತಡೆಯಬೇಡಿ. ಆಚಾರಕ್ಕೆ ಕಾರಣ ಸತ್ತರೂ ಆಚಾರ ಬದುಕುತ್ತದೆಂಬುದಕ್ಕೆ ನಮ್ಮ ಮಠಗಳವರೆಗೆ ಹೋಗಬೇಕಿಲ್ಲ.

ಶಾಸನ ವಾಚನ

ಹೊಸ ಬ್ಯಾಟರಿ ಕೊಳ್ಳುವ ಮುನ್ನ ಹಳೆಯದರ ಮೇಲಿನ ಬರಹವನ್ನು ಓದಬೇಕು. ಹಲ್ಮಿಡಿ ಶಾಸನವನ್ನು ನೀರು ಕುಡಿದಷ್ಟು ಸಲೀಸಾಗಿ ಓದುವವರೂ ಇಲ್ಲಿ ತಡವರಿಸುವುದುಂಟು, ಏಕೆಂದರೆ ಆಮ್ಲ ಸೋರಿ ಲೇಬಲ್ ಅರ್ಧ ತ್ರುಟಿತವಾಗಿರುತ್ತದೆ. ‘ಸಿ 4’ ಎಂಬಂಥ ಗುರುತು ಕಂಡರೆ ಅದು ಕಟಪಯಾದಿಯ ದೂರದ ನೆಂಟ: ಹಲವು ತಯಾರಕರು ಅಕ್ಷರದಿಂದ ತಿಂಗಳನ್ನೂ ಅಂಕಿಯಿಂದ ವರ್ಷದ ಕೊನೆಯ ಅಂಕಿಯನ್ನೂ ಸೂಚಿಸುತ್ತಾರೆ. ಹಾಗಾದರೆ ಇದು 2024ರ ಮಾರ್ಚಿನದೋ 2014ರದೋ? ಕವಿಗಳ ಕಾಲನಿರ್ಣಯದಲ್ಲಿ ಹತ್ತು ವರ್ಷದ ವ್ಯತ್ಯಾಸವನ್ನು ನಾವು ಉದಾರವಾಗಿ ಕ್ಷಮಿಸುತ್ತೇವೆ, ಬ್ಯಾಟರಿ ಕ್ಷಮಿಸುವುದಿಲ್ಲ.

ಅಳತೆಯ ಮಾತು. ಇಂಥ ಬಂಡಿಗಳಲ್ಲಿ ಬಹುಪಾಲು ಬಳಸುವುದು ‘ಯು-1’ ಎಂಬ ಗಾತ್ರ. ಅದರಲ್ಲಿ ಎರಡು ಪಾಠಾಂತರಗಳು: ಟರ್ಮಿನಲ್‌ಗಳು ನಮ್ಮ ಕಡೆಗೆ ಇರುವಂತೆ ಇಟ್ಟಾಗ ಪ್ಲಸ್ ಬಲಕ್ಕೆ ಬಂದರೆ ‘ಯು-1 ಆರ್’, ಎಡಕ್ಕೆ ಬಂದರೆ ‘ಯು-1 ಎಲ್’. ತಪ್ಪು ಪಾಠವನ್ನು ಮನೆಗೆ ತಂದವನ ಕೇಬಲ್ ಎರಡಂಗುಲ ಕಡಿಮೆ ಬೀಳುತ್ತದೆ. ಆಗ ಅವನು ಎಳೆಯುತ್ತಾನೆ, ಬಾಗಿಸುತ್ತಾನೆ, ಬ್ಯಾಟರಿಯನ್ನೇ ತಿರುಗಿಸಿ ಕೂರಿಸುತ್ತಾನೆ. ಕಡೆಗೆ ಪ್ಲಸ್ ಟರ್ಮಿನಲ್ ಸೀಟಿನ ಕಬ್ಬಿಣದ ತಳಕ್ಕೆ ತಗುಲುವಷ್ಟು ಹತ್ತಿರ ಬಂದು ನಿಂತಿರುತ್ತದೆ. ಅವನು ಕೂತೊಡನೆ ಏನಾಗುತ್ತದೆಂಬುದನ್ನು ರಸಪ್ರಕರಣದಲ್ಲಿ ವಿವರಿಸಬೇಕು, ಭಯಾನಕ ಮತ್ತು ಹಾಸ್ಯ ಒಂದೆಡೆ ಸೇರುವ ಸ್ಥಳವದು. ಅಂಗಡಿಗೆ ಹಿಂದಿರುಗಿ ಬದಲಿಸಿ ತರುವುದೇ ಲೇಸು.

ಮೈನಸ್‌ಪೂರ್ವ ವಿವಾದ

ಶಾಸ್ತ್ರದ ಹೃದಯ ಇಲ್ಲಿದೆ. ಕಳಚುವಾಗ ಮೊದಲು ಮೈನಸ್ಸೋ ಪ್ಲಸ್ಸೋ?

ಪ್ಲಸ್‌ಪೂರ್ವವಾದಿಗಳ ಯುಕ್ತಿ: ಸರ್ಕ್ಯೂಟ್ ಎಂದರೆ ವೃತ್ತ, ವೃತ್ತವನ್ನು ಎಲ್ಲಿ ಕಡಿದರೂ ಕಡಿದಂತೆಯೇ, ಆದ್ದರಿಂದ ಕ್ರಮಕ್ಕೆ ಅರ್ಥವಿಲ್ಲ, ಅರ್ಥವಿಲ್ಲದ ಕಡೆ ಶುಭದಿಂದ ಆರಂಭಿಸುವುದು ಶಿಷ್ಟಾಚಾರ. ಈ ವಾದ ಕೇಳಲು ಸೊಗಸು. ಇದನ್ನು ಮಂಡಿಸುವವರ ಸ್ಪ್ಯಾನರಿನ ಮೇಲೆ ಕರಗಿದ ಒಂದು ಕಚ್ಚು ಇರುತ್ತದೆ, ಕೇಳಿದರೆ ತೋರಿಸುವುದಿಲ್ಲ.

ಸಿದ್ಧಾಂತ: ಈ ಬಂಡಿಗಳಲ್ಲಿ ಮೈನಸ್ ಕೇಬಲ್ ಹೋಗಿ ಸೇರುವುದು ಚೌಕಟ್ಟಿಗೆ. ಅಂದರೆ ಬಂಡಿಯ ಕಬ್ಬಿಣವೆಲ್ಲ ಮೈನಸ್‌ಮಯ. ಮೈನಸ್ ಕಳಚದೆ ಪ್ಲಸ್ ಬೋಲ್ಟಿಗೆ ಸ್ಪ್ಯಾನರ್ ಹಾಕಿದವನು, ಅದರ ಇನ್ನೊಂದು ತುದಿಯನ್ನು ಚೌಕಟ್ಟಿಗೆ ಅಕಸ್ಮಾತ್ ತಾಗಿಸಿದರೆ, ಇಡೀ ಬ್ಯಾಟರಿಯ ಕರೆಂಟು ಸ್ಪ್ಯಾನರಿನ ಮೂಲಕ ಹರಿಯುತ್ತದೆ. ಎಂಜಿನ್ನನ್ನು ತಿರುಗಿಸಲೆಂದು ನೂರಾರು ಆಂಪಿಯರ್ ಕೊಡಬಲ್ಲ ಪೆಟ್ಟಿಗೆ ಅದು. ಸ್ಪ್ಯಾನರ್ ಕೆಂಪಾಗುತ್ತದೆ, ಕಿಡಿ ಹಾರುತ್ತದೆ, ಬೆರಳಲ್ಲಿ ಉಂಗುರವಿದ್ದರೆ ಅದು ಬೆರಳಿನ ಸುತ್ತಲೇ ಕಾಯುತ್ತದೆ. ಮೊದಲು ಮೈನಸ್ ಕಳಚಿದ್ದರೆ ಅದೇ ಸ್ಪ್ಯಾನರ್ ಅದೇ ಕಬ್ಬಿಣಕ್ಕೆ ತಗುಲಿದರೂ ‘ಟಣ್’ ಎಂಬ ಸದ್ದು ಬಿಟ್ಟು ಇನ್ನೇನೂ ಇಲ್ಲ. ಆದ್ದರಿಂದ ಕಳಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕಡೆಗೆ. ವೃತ್ತದ ಯುಕ್ತಿ ಕಾಗದದ ಮೇಲೆ ನಿಲ್ಲುತ್ತದೆ. ಕಬ್ಬಿಣದ ಬಂಡಿಯಲ್ಲಿ ವೃತ್ತಕ್ಕೆ ಒಂದೇ ದಾರಿಯಿಲ್ಲ, ಸ್ಪ್ಯಾನರ್ ಮುಟ್ಟಿದಲ್ಲೆಲ್ಲ ಹೊಸ ದಾರಿ.

ಈ ವಿಧಿಗೆ ಅಂಗವಾಗಿ ಪೂರ್ವಾಂಗ ಕ್ರಿಯೆಗಳು: ಬ್ಲೇಡಿನ ಲಿವರ್ ಬಿಡಿಸುವುದು, ಬ್ರೇಕ್ ಹಾಕುವುದು, ಕೀಲಿಯನ್ನು ಜೇಬಿಗೆ ಸೇರಿಸುವುದು. ಕರನ್ಯಾಸದ ಸ್ಥಾನದಲ್ಲಿ ರಬ್ಬರ್ ಗ್ಲೌಸು, ನೇತ್ರನ್ಯಾಸದ ಸ್ಥಾನದಲ್ಲಿ ಕನ್ನಡಕ. ಉಂಗುರ, ವಾಚು, ಕೈಯ ಕಡಗ ತೆಗೆದಿಡುವುದು. ಬೀಡಿ, ಸಿಗರೇಟು, ಊದುಬತ್ತಿ ನಿಷಿದ್ಧ, ಏಕೆಂದರೆ ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಕಿಡಿಯೊಂದು ಸಾಕು. ಅದೇ ಕಾರಣಕ್ಕೆ ಚಾರ್ಜರಿನ ಕ್ಲಿಪ್ಪುಗಳನ್ನು ಮೊದಲು ಹಚ್ಚಿ ಆಮೇಲೆ ಗೋಡೆಯ ಸ್ವಿಚ್ ಹಾಕುವುದು, ತೆಗೆಯುವಾಗ ಮೊದಲು ಸ್ವಿಚ್ ಆರಿಸುವುದು. ಇಷ್ಟು ಪುಟ್ಟ ಬ್ಯಾಟರಿಗೆ 2 ಆಂಪಿಯರಿನ ನಿಧಾನ ಚಾರ್ಜೇ ಹಿತ. ಕಾರಿಗೆ ಬಳಸುವ ದೊಡ್ಡ ಚಾರ್ಜರ್ ತಂದು ಅರ್ಧ ಗಂಟೆಯಲ್ಲಿ ಮುಗಿಸುವೆನೆಂಬವನು ಅದನ್ನು ಕುದಿಸುತ್ತಾನೆ.

ಟರ್ಮಿನಲ್ ಮೇಲೆ ಬಿಳಿ, ಕೆಲವೊಮ್ಮೆ ನೀಲಿ-ಹಸಿರು ಪುಡಿ ಕಟ್ಟಿದ್ದರೆ ಅದನ್ನು ವಿಭೂತಿಯೆಂದು ಭ್ರಮಿಸಬೇಡಿ. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಸುರಿದರೆ ನೊರೆಯೆದ್ದು ಆಮ್ಲ ಶಾಂತವಾಗುತ್ತದೆ. ಸೋಡಾ ನೀರು ಕೋಶದ ಒಳಗೆ ಇಳಿಯದಂತೆ ಮುಚ್ಚಳಗಳು ಬಿಗಿಯಾಗಿರಲಿ. ತಂತಿಬ್ರಷ್ಷಿನಿಂದ ಉಜ್ಜಿ, ಜೋಡಿಸಿದ ಮೇಲೆ ವ್ಯಾಸಲಿನ್ ಸವರಬಹುದು. ಸೀಸ ಮೆದು ಲೋಹ, ಪೌರುಷ ತೋರಿಸಲು ಬೋಲ್ಟ್ ತಿರುವಿದರೆ ಟರ್ಮಿನಲ್ಲೇ ಕಿತ್ತು ಕೈಗೆ ಬರುತ್ತದೆ. ಹಿಡಿತದ ಪಟ್ಟಿಯನ್ನು ಮಾತ್ರ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಬಂಡಿಯ ನಡುಕಕ್ಕೆ ಫಲಕದ ಲೇಪ ಉದುರುತ್ತದೆ. ಎಲ್ಲ ಮುಗಿದ ಮೇಲೆ ಕೈ ತೊಳೆಯದೆ ಚಕ್ಕುಲಿ ಮುಟ್ಟಬಾರದು, ಸೀಸ ವಿಷ.

ನೀರಿನ ವಿಷಯ ಸಂಕ್ಷೇಪ. ಮುಚ್ಚಳ ತೆರೆಯುವಂಥ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಚಾರ್ಜ್ ಆದ ನಂತರ, ಫಲಕ ಮುಳುಗಿ ಗುರುತು ಮುಟ್ಟುವವರೆಗೆ. ಫಲಕ ಮೊದಲೇ ಬಯಲಾಗಿದ್ದರೆ ಅದು ಮುಚ್ಚುವಷ್ಟು ಮುಂಚೆಯೇ ಹಾಕಿ. ಕಡಿಮೆಯಾದದ್ದು ನೀರು, ಆಮ್ಲವಲ್ಲ. ಆದ್ದರಿಂದ ಆಮ್ಲ ಸೇರಿಸುವ ಪ್ರಶ್ನೆಯೇ ಇಲ್ಲ. ಕಾವೇರಿ ನೀರು ಪುಣ್ಯವಾದರೂ ಅದರಲ್ಲಿ ಖನಿಜವುಂಟು.

ಹಳೆಯ ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕುವುದು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅಪರಾಧ. ಹೊಸದನ್ನು ಕೊಳ್ಳುವಾಗ ಅಂಗಡಿಯವನು ‘ಕೋರ್’ ಹೆಸರಲ್ಲಿ ಒಂದಿಷ್ಟು ಠೇವಣಿ ಹಿಡಿಯುತ್ತಾನೆ, ಹಳೆಯದು ಒಪ್ಪಿಸಿದರೆ ಹಿಂದಿರುಗಿಸುತ್ತಾನೆ. ಆ ಸೀಸ ಕರಗಿ ಇನ್ನೊಂದು ಬ್ಯಾಟರಿಯಾಗುತ್ತದೆ. ಹೀಗಾಗಿ ನಾವು ಕೊಂಡು ತಂದ ‘ಹೊಸ’ ಬ್ಯಾಟರಿ ಯಾರದೋ ಸೀಟಿನ ಕೆಳಗೆ ಎಷ್ಟನೆಯ ಜನ್ಮ ಕಳೆದು ಬಂದದ್ದೋ, ಅದರ ಸಂಚಿತ ಕರ್ಮ ಯಾವುದೋ, ವಾರಂಟಿ ಪತ್ರ ಮೌನವಾಗಿದೆ.

ಪರಿಶಿಷ್ಟ

ಕೂತು, ಬ್ರೇಕ್ ಪೆಡಲ್ ಒತ್ತದೆ ಕೀಲಿ ತಿರುವಿದರೆ ಈ ಬಂಡಿಗಳು ಸ್ಟಾರ್ಟ್ ಆಗುವುದಿಲ್ಲ. ಬ್ಲೇಡಿನ ಲಿವರ್ ಹಾಕಿದ್ದರೂ ಆಗುವುದಿಲ್ಲ. ಸುರಕ್ಷೆಗಾಗಿ ಇಟ್ಟ ಸ್ವಿಚ್ಚುಗಳು ಸ್ಟಾರ್ಟರಿನ ದಾರಿಯನ್ನೇ ಕಡಿದಿರುತ್ತವೆ. ಆಗ ‘ಟಿಕ್’ ಕೂಡ ಕೇಳಿಸದು, ಬ್ಯಾಟರಿ 12.7 ವೋಲ್ಟಿನೊಡನೆ ಸೀಟಿನ ಕೆಳಗೆ ಆರೋಗ್ಯವಾಗಿಯೇ ಇರುತ್ತದೆ. ಆದಕಾರಣ ಬ್ಯಾಟರಿಯನ್ನು ಶಂಕಿಸುವ ಮೊದಲು ಪೆಡಲನ್ನು ಒತ್ತಿ ನೋಡತಕ್ಕದ್ದು. ಇದನ್ನು ಪ್ರಬಂಧದ ಮೊದಲ ವಾಕ್ಯವಾಗಿ ಇಡಬಾರದಿತ್ತೇ ಎಂದು ಪೂರ್ವಪಕ್ಷಿ ಆಕ್ಷೇಪಿಸುತ್ತಾನೆ. ಇಟ್ಟಿದ್ದರೆ ಓದುಗರಲ್ಲಿ ಅರ್ಧದಷ್ಟು ಮಂದಿ ಅಲ್ಲೇ ಎದ್ದು ಹುಲ್ಲು ಕತ್ತರಿಸಲು ಹೋಗಿಬಿಡುತ್ತಿದ್ದರು.