ಏಳು ರಾತ್ರಿ, ಏಳು ಬ್ಯಾಂಡ್

(ಬಳ್ಳಾರಿಯ ಒಂದು ಬಾರು. ಸಾವ್ಕಾರನ ಎದುರು ಕುರುಗೋಡಿನ ಬಯಲಾಟದ ಮಾಸ್ತರು. ಇಬ್ಬರ ನಡುವೆ ಒಗ್ಗಾಣಿ, ಮಿರ್ಚಿ.)

ಸಾವ್ಕಾರ: ಮಾಸ್ತರ, ವಾರಪೂರ್ತಿ ರಾಕ್ ಬ್ಯಾಂಡ್ ಇಟ್ಟೀನಿ. ಎಲ್ಲಾ ಬೆಂಗಳೂರಿನವ್ರು!

ಮಾಸ್ತರು: ಬೆಳತನ ನಡಿತೈತೇನ್ರಿ?

ಸಾವ್ಕಾರ: ರಾತ್ರಿ 10ಕ್ಕ ಬಂದ್. 2000ನೇ ಇಸ್ವಿಯ ಶಬ್ದಮಾಲಿನ್ಯದ ನಿಯಮ.

ಮಾಸ್ತರು: ಆ ಹೊತ್ತಿಗೆ ನಮ್ಮಾಟದಾಗ ಗಣಪತಿ ಪೂಜಿನೂ ಮುಗಿದಿರಂಗಿಲ್ಲ. ದರೋಜಿ ಈರಮ್ಮ ರಾತ್ರಿಯೆಲ್ಲಾ ಬುರ್ರಕಥಾ ಹಾಡ್ತಿದ್ರು.

ಸಾವ್ಕಾರ: ಈ ಹುಡುಗ್ರು ಏಪ್ರಿಲ್ ಬಿಸಲಾಗ ಚರ್ಮದ ಕೋಟು ಹಾಕ್ಕೊಂಡು ಬಂದಾರ್ರಿ.

ಮಾಸ್ತರು: ಭುಜಕೀರ್ತಿ ಹೊತ್ತವ ನಾನು, ನಗಂಗಿಲ್ಲ. ರೊಕ್ಕ ಎಷ್ಟು?

ಸಾವ್ಕಾರ: ಊಟ, ಲಾಡ್ಜು, ಫೇಸ್‌ಬುಕ್ಕಿನಾಗ ಫೋಟೋ.

ಮಾಸ್ತರು: ನಮಗ ಊಟ, ಶಾಲು, ಪೇಪರಿನಾಗ ಫೋಟೋ. ಲಾಡ್ಜು ಒಂದು ಹೆಚ್ಚಾತು ನೋಡ್ರಿ.

ಸಪ್ಲಾಯರ್: ಸಾವ್ಕಾರ್ರ, ಸಿರುಗುಪ್ಪದ ಭತ್ತದ ಪಾರ್ಟಿ ರಾಜಕುಮಾರ್ ಹಾಡು ಕೇಳಾಕತ್ತೈತಿ. ಬ್ಯಾಂಡಿನವ್ರು ಸ್ವಂತದ್ದೇ ಹಾಡ್ತೀವಿ ಅಂತಾರ.

ಸಾವ್ಕಾರ: ಪಾರ್ಟಿ ಏನಂತು?

ಸಪ್ಲಾಯರ್: ಹಂಗಾರ ಬಿಲ್ಲೂ ಅವ್ರ ಸ್ವಂತದ್ದೇ ಅಂತು.

(ಕರೆಂಟ್ ಹೋಗುತ್ತದೆ. ಗಿಟಾರು ಬಾಯಿ ಮುಚ್ಚುತ್ತದೆ. ಗಿರಾಕಿಗಳು ಮೊದಲ ಸಲ ಚಪ್ಪಾಳೆ ತಟ್ಟುತ್ತಾರೆ.)

ಸಾವ್ಕಾರ: ಮಾಸ್ತರ, ಮದ್ದಳಿ ತಂದೀರೇನ್ರಿ?

ಮಾಸ್ತರು: ತಂದೀನಿ. ನನಗ ಫೋಟೋ ಬ್ಯಾಡ, ಮೊದಲ ರೊಕ್ಕ ಎಣಿಸ್ರಿ.